ಬೋರ್ಡೋ ವೈನ್ ಸೀಮೆಗೆ ತಮ್ಮನಿಗೆ ಹಾಕಿಕೊಟ್ಟ ಪ್ಲಾನ್

ಚಿಕ್ಕಮ್ಮನ ಮಗನಿಗೆ ಇಪ್ಪತ್ತು ವರ್ಷ. ಪ್ಯಾರಿಸ್‌ನಲ್ಲಿರುವ ನನ್ನ ಮನೆಗೆ ಬರುವ ಮೊದಲೇ ಅವನ ಪಟ್ಟಿ ಬಂದಿತ್ತು. ಬಾಡಿಗೆ ಕಾರು, ಬೋರ್ಡೋ ಸುತ್ತಮುತ್ತ ಎಂಟು ಶಾಟೋ. ಶಾಟೋ ಅಂದರೆ ಸ್ವಂತ ದ್ರಾಕ್ಷಿ ಬೆಳೆದು ಸ್ವಂತ ವೈನ್ ಮಾಡುವ ತೋಟ. ಹೆಸರು ಕೋಟೆಯದ್ದು, ಎಷ್ಟೋ ಕಡೆ ಇರುವುದು ಬರೀ ತೋಟದ ಮನೆ.

ಮೊದಲು ಕಾರು ತೆಗೆದುಹಾಕಿದೆ. 25 ವರ್ಷ ತುಂಬದವರಿಗೆ ಬಾಡಿಗೆ ಕಂಪನಿಗಳು ಸಾಮಾನ್ಯವಾಗಿ ಜಾಸ್ತಿ ದುಡ್ಡು ಕೇಳುತ್ತವೆ. ಅದಕ್ಕಿಂತ ಮುಖ್ಯ, ಫ್ರಾನ್ಸಿನಲ್ಲಿ ವೈನ್ ಕೊಳ್ಳಲು 18 ಆದರೆ ಸಾಕು, ಆದರೆ ಗಾಡಿ ಓಡಿಸುವವರ ರಕ್ತದಲ್ಲಿ ಲೀಟರಿಗೆ 0.5 ಗ್ರಾಂ ಆಲ್ಕೋಹಾಲ್ ಸಿಕ್ಕಿದರೆ ದಂಡ. ಹೊಸದಾಗಿ ಲೈಸೆನ್ಸ್ ಪಡೆದವರಿಗೆ 0.2ಕ್ಕೇ. ಅಂದರೆ ಒಂದು ಗ್ಲಾಸೂ ಇಲ್ಲ. ಅಷ್ಟು ದೂರ ಹೋಗಿ ಸ್ಟೀರಿಂಗ್ ಹಿಡಿದು ಸುಮ್ನೆ ಕೂರೋದು ಯಾಕೆ, ಅಲ್ವಾ?

ಕಾರು ಹೋದ ಮೇಲೆ ಉಳಿದದ್ದೆಲ್ಲ ರೈಲಿನ ಪ್ರಕಾರ ತಾನಾಗಿ ಕೂತಿತು. ಪ್ಯಾರಿಸ್‌ನಿಂದ ಬೋರ್ಡೋಗೆ 2017ರಲ್ಲಿ ಹೊಸ ಹಳಿ ಬಂದ ಮೇಲೆ ಟಿಜಿವಿ ಅನ್ನುವ ವೇಗದ ರೈಲಿನಲ್ಲಿ ಎರಡು ಗಂಟೆ ಚಿಲ್ಲರೆ. ಟಿಕೆಟ್ ಬೇಗ ತೆಗೆದಷ್ಟೂ ಅಗ್ಗ. 12ರಿಂದ 27 ವರ್ಷದವರಿಗೆ 49 ಯೂರೋದ ರಿಯಾಯಿತಿ ಕಾರ್ಡ್ ಇದೆ. ಅವನು ಫ್ರಾನ್ಸಿನಲ್ಲಿ ಬೇರೆ ಊರುಗಳಿಗೂ ಹೋಗುವವನಿದ್ದ, ಹಾಗಾಗಿ ಕೊಡಿಸಿದೆ. ಒಂದೇ ಊರಿಗಾದರೆ ಲೆಕ್ಕ ಹಾಕಿಯೇ ಕೊಳ್ಳಬೇಕು.

ಆಮೇಲೆ ಯಾವ ಕಡೆ ಅನ್ನುವ ಪ್ರಶ್ನೆ. ಬೋರ್ಡೋದ ಉತ್ತರಕ್ಕಿರುವ ಮೆಡಾಕ್ ಕಡೆ, 1855ರಲ್ಲಿ ತೋಟಗಳನ್ನು ದರ್ಜೆವಾರು ವಿಂಗಡಿಸಿದ ಪಟ್ಟಿಯ ದೊಡ್ಡ ದೊಡ್ಡ ಹೆಸರುಗಳಿವೆ. ಅಲ್ಲಿ ಜಲ್ಲಿ ನೆಲ, ಕ್ಯಾಬರ್ನೇ ಸೋವಿನ್ಯೋನ್ ದ್ರಾಕ್ಷಿ. ಆದರೆ ತೋಟಗಳು ಒಂದಕ್ಕೊಂದು ದೂರ, ಕಾಲ್ನಡಿಗೆಯವರಿಗೆ ಕಷ್ಟ. ಸೇಂಟ್ ಎಮಿಲಿಯನ್‌ಗೆ ಬೋರ್ಡೋದಿಂದ ಲೋಕಲ್ ರೈಲಿನಲ್ಲಿ ಸುಮಾರು 35 ನಿಮಿಷ. ಸ್ಟೇಷನ್ನಿಂದ ಊರಿಗೆ ದ್ರಾಕ್ಷಿ ಸಾಲುಗಳ ನಡುವೆ ಇಪ್ಪತ್ತು ನಿಮಿಷ ನಡೆದರೆ ಆಯಿತು. ಅಲ್ಲಿ ಜೇಡಿ, ಸುಣ್ಣಕಲ್ಲಿನ ನೆಲ, ಮೆರ್ಲೋ ದ್ರಾಕ್ಷಿ ಜಾಸ್ತಿ. ವೈನ್ ಬೇಜಾರಾದರೂ ನೋಡಲು ಊರೇ ಇದೆ: ಒಂದೇ ಬಂಡೆಯೊಳಗೆ ಕೊರೆದ ಚರ್ಚ್ ಇದೆ, ಗೈಡ್ ಜೊತೆಗೆ ಮಾತ್ರ ಬಿಡುತ್ತಾರೆ. 1999ರಲ್ಲೇ ಯುನೆಸ್ಕೋ ಪಟ್ಟಿಗೆ ಸೇರಿದ ಜಾಗ.

ಎಂಟು ಶಾಟೋವನ್ನು ಒಂದಕ್ಕೆ ಇಳಿಸಿದೆ. ಅವನು ಮುಖ ಸಣ್ಣ ಮಾಡಿದ. 'ಅಕ್ಕಾ, ಒಂದೇನಾ?' ಒಂದೇ ಕಣೋ. ಮೂರನೆಯ ಕಡೆಗೆ ಹೋಗುವಷ್ಟರಲ್ಲಿ ನಾಲಿಗೆಗೆ ಏನೂ ಗೊತ್ತಾಗುವುದಿಲ್ಲ, ಹೇಳಿದ ಮಾತೂ ಎಲ್ಲ ಕಡೆ ಒಂದೇ. ಊರೊಳಗಿಂದ ನಡೆದು ಹೋಗಬಹುದಾದ ಒಂದು ಚಿಕ್ಕ ಮನೆತನದ ತೋಟ ಹುಡುಕಿ, ಇಮೇಲ್‌ನಲ್ಲಿ ಸಮಯ ಕೇಳಿದೆ. ಹೇಳದೆ ಕೇಳದೆ ಹೋದರೆ ಬಾಗಿಲು ತೆರೆಯದ ಶಾಟೋಗಳೇ ಹೆಚ್ಚು. ಸೆಪ್ಟೆಂಬರ್ ಕೊಯ್ಲಿನಲ್ಲಿ ಸಣ್ಣವರಿಗೆ ಮಾತಾಡಲೂ ಪುರಸೊತ್ತು ಇರುವುದಿಲ್ಲ. ಅದಕ್ಕೇ ಜೂನ್ ಆರಿಸಿಕೊಂಡೆ.

ಆ ಒಂದು ಭೇಟಿ ನಿಧಾನವಾಗಿ ನಡೆಯಿತು. ನೆಲಮಾಳಿಗೆಯಲ್ಲಿ ಓಕ್ ಪೀಪಾಯಿಗಳ ಸಾಲು, ಹೊರಗೆ ಸುಡುಬಿಸಿಲಿದ್ದರೂ ಒಳಗೆ ಮೈ ಜುಮ್ಮೆನ್ನುವ ತಂಪು. ಮನೆಯಾಕೆ ಗಾಜಿನ ನಳಿಕೆಯನ್ನು ಪೀಪಾಯಿಗೆ ಇಳಿಸಿ, ಮೇಲ್ತುದಿಗೆ ಹೆಬ್ಬೆರಳು ಒತ್ತಿ ಹಿಡಿದು, ಇನ್ನೂ ಬಾಟಲಿ ಕಾಣದ ವೈನ್ ಎತ್ತಿ ಕೊಟ್ಟರು. ತಮ್ಮನ ಮುಖ ಕಿವುಚಿತು. ಬಾಯೆಲ್ಲ ಒಗರು. ಅದೇ ತೋಟದ ಎಂಟು ವರ್ಷ ಹಳೆಯದನ್ನು ಪಕ್ಕದಲ್ಲಿ ಇಟ್ಟಾಗ ಹುಡುಗ ತಾನಾಗಿ ಪ್ರಶ್ನೆ ಕೇಳಲು ಶುರು ಮಾಡಿದ: ಒಗರು ಎಲ್ಲಿ ಹೋಯಿತು, ಮರದಿಂದ ಏನು ಬರುತ್ತೆ, ಸಿಪ್ಪೆಯಿಂದ ಏನು ಬರುತ್ತೆ. ಉಗುಳುವುದನ್ನು ಮಾತ್ರ ಮೊದಲೇ ಹೇಳಿಕೊಟ್ಟಿದ್ದೆ. ಅದಕ್ಕೆಂದೇ ಪಾತ್ರೆ ಇಟ್ಟಿರುತ್ತಾರೆ, ಯಾರೂ ತಪ್ಪು ತಿಳಿಯುವುದಿಲ್ಲ. ಬೆಳಿಗ್ಗೆ ಹೊಟ್ಟೆ ತುಂಬಾ ತಿಂದು ಹೋಗಿ ಅನ್ನುವುದೂ ಅಷ್ಟೇ ಮುಖ್ಯ.

ಬೋರ್ಡೋ ನಗರಕ್ಕೆ ಒಂದು ದಿನ ಬಿಟ್ಟಿದ್ದೆ. 2016ರಲ್ಲಿ ತೆರೆದ ವೈನ್ ಮ್ಯೂಸಿಯಂ ಸಿತೆ ದ್ಯು ವೆನ್‌ಗೆ ಟ್ರಾಮ್ ಹೋಗುತ್ತದೆ. ಟಿಕೆಟ್ಟಿನಲ್ಲೇ ಮೇಲಿನ ಮಹಡಿಯಲ್ಲಿ ಒಂದು ಗ್ಲಾಸ್ ವೈನ್ ಸಿಗುತ್ತದೆ. ಚೆನ್ನಾಗಿದೆ, ಆದರೆ ತೋಟಕ್ಕಿಂತ ಮೊದಲು ನೋಡಬೇಕು. ಆಮೇಲೆ ಹೋದರೆ ಪಾಠ ಕೇಳಿದ ಹಾಗೆ. ಮಾರನೆಯ ದಿನ ವೈನ್ ಮಾತೇ ಇಲ್ಲ. ರೈಲಿನಲ್ಲಿ ಕಡಲ ತೀರದ ಊರು ಅರ್ಕಶೋನ್, ಅಲ್ಲಿಂದ ಬಸ್ಸಿನಲ್ಲಿ ಪಿಲಾ ಮರಳುದಿಬ್ಬ, ಸುಮಾರು ನೂರು ಮೀಟರ್ ಎತ್ತರ. ಇಪ್ಪತ್ತರ ಹುಡುಗನಿಗೆ ಇಂಥದ್ದು ಒಂದು ಇರಲೇಬೇಕು.

ಬಾಟಲಿ ಕೊಳ್ಳುವುದಾದರೆ ಕೊನೆಯ ದಿನ ಕೊಳ್ಳಿ. ವಿಮಾನದಲ್ಲಿ ಕೈಚೀಲಕ್ಕೆ ಬಿಡುವುದಿಲ್ಲ, ಚೆಕ್-ಇನ್ ಬ್ಯಾಗಿನ ನಡುವೆ ಜೀನ್ಸ್ ಪ್ಯಾಂಟಿನ ಕಾಲೊಳಗೆ ತೂರಿಸಿ ಸುತ್ತಿಡಬೇಕು. ಅವನ ಎರಡು ಬಾಟಲಿಗಳೂ ಹಾಗೇ ಹೋದವು.