ಕಾಲೇಜಿನಲ್ಲಿ ಮಧ್ಯಾಹ್ನ ಪಾರ್ಸೆಲ್ ಊಟ: ಮಕ್ಕಳಿಗೆ ಆರಿಸೋದು ಕಲಿಸುವುದು ಹೇಗೆ?

ಹತ್ತನೇ ತರಗತಿವರೆಗೆ ಸುಮ್ಮನೆ ಡಬ್ಬಿ ಒಯ್ಯುತ್ತಿದ್ದ ಮಗು, ಪಿಯುಸಿ ಸೇರಿದ ತಿಂಗಳೊಳಗೆ ‘ಅಮ್ಮಾ, ಡಬ್ಬಿ ಬೇಡ, ದುಡ್ಡು ಕೊಡು, ಅಲ್ಲೇ ಏನಾದ್ರೂ ತಗೋತೀನಿ’ ಅನ್ನುತ್ತದೆ. ನಮ್ಮ ಮನೆಯಲ್ಲೂ ಹೀಗೇ ಆಯಿತು. ಮಗಳಿಗೆ ಆಗ ಹದಿನಾರು. ಬೇಡವೇ ಬೇಡ ಅಂದೆ. ಎರಡು ವಾರ ಬೆಳಿಗ್ಗೆ ಕಟ್ಟಿದ ಚಪಾತಿ ಸಂಜೆ ಹಾಗೇ ವಾಪಸ್ ಬಂತು. ಒಂದು ದಿನ ಬ್ಯಾಗ್ ಒಗೆಯಲು ತೆಗೆದಾಗ ಪಕ್ಕದ ಜೇಬಿನಲ್ಲಿ ಮಡಚಿಟ್ಟ ನ್ಯೂಸ್‌ಪೇಪರ್ ತುಂಡು ಸಿಕ್ಕಿತು. ಎಣ್ಣೆ ಹೀರಿಕೊಂಡು ಅಕ್ಷರಗಳೆಲ್ಲ ಆಚೆ ಬದಿಗೆ ಕಾಣುತ್ತಿದ್ದವು, ನಡುವೆ ಕುಂಕುಮದಂಥ ಕೆಂಪು ಕಲೆ. ಗೇಟಿನ ಹೊರಗಿನ ಗೋಬಿ ಮಂಚೂರಿ.

ಬೈಯಬೇಕು ಅನ್ನಿಸಿತು. ಆಮೇಲೆ ಯೋಚನೆ ಬೇರೆ ಕಡೆ ಹೋಯಿತು. ಹತ್ತು ವರ್ಷ ಈ ಮಕ್ಕಳು ಮಧ್ಯಾಹ್ನದ ಊಟವನ್ನು ತಾವೇ ಆರಿಸಿದ್ದಿಲ್ಲ. ಮನೆಯ ಡಬ್ಬಿಯೋ, ಸರ್ಕಾರಿ ಶಾಲೆಯಾದರೆ ಹತ್ತನೇ ತರಗತಿವರೆಗೆ ಅಕ್ಷರ ದಾಸೋಹದ ಬಿಸಿಯೂಟವೋ, ಯಾರೋ ದೊಡ್ಡವರು ತೀರ್ಮಾನಿಸಿ ಕೊಟ್ಟಿದ್ದನ್ನು ತಿಂದವರು. ಈಗ ಕೈಯಲ್ಲಿ ದುಡ್ಡಿದೆ, ಎದುರಿಗೆ ಐದಾರು ಗಾಡಿ ನಿಂತಿವೆ, ಜೊತೆಗೆ ಹಸಿದ ಗೆಳತಿಯರು. ಬಸ್ಸು ಹತ್ತಿ ಓಡಾಡೋದನ್ನು ಕಲಿಸಿದ ಹಾಗೆ ಇದನ್ನೂ ಕಲಿಸಬೇಕಿತ್ತು, ನಾವು ಕಲಿಸಿರಲಿಲ್ಲ ಅಷ್ಟೇ. ಒಂದು ವರ್ಷದಲ್ಲಿ ನಾವಿಬ್ಬರೂ ಸೇರಿ ಮಾಡಿಕೊಂಡ ಕ್ರಮ ಇಲ್ಲಿದೆ.

1. ಮೊದಲು ಬಿಡುವಿನ ಲೆಕ್ಕ

ಕಾಲೇಜಿನ ನಿಯಮ ಕೇಳಿ ತಿಳಿದುಕೊಳ್ಳಿ. ಮಧ್ಯಾಹ್ನ ಹೊರಗೆ ಬಿಡುತ್ತಾರಾ, ಪಾರ್ಸೆಲ್ ಒಳಗೆ ತರಬಹುದಾ, ಡೆಲಿವರಿಯವರನ್ನು ಗೇಟಿನ ಹತ್ತಿರ ಬಿಡುತ್ತಾರಾ. ಹೊರಗೆ ಬಿಡದ ಕಡೆ ಮಗು ಬೆಳಿಗ್ಗೆ ಹೋಗುವಾಗಲೇ ಪಾರ್ಸೆಲ್ ಕಟ್ಟಿಸಿಕೊಂಡು ಹೋಗುತ್ತದೆ. ಎಂಟೂವರೆಗೆ ಕಟ್ಟಿಸಿದ್ದನ್ನು ಒಂದು ಗಂಟೆಗೆ ತಿನ್ನುತ್ತದೆ. ನಾಲ್ಕೂವರೆ ಗಂಟೆ! ಮಧ್ಯಾಹ್ನವೇ ಹೋಗಿ ತರುವುದಾದರೆ ಈ ಚಿಂತೆ ಇಲ್ಲ, ಆದರೆ ನಲವತ್ತು ನಿಮಿಷದ ಬಿಡುವಿನಲ್ಲಿ ನಡೆದು ಹೋಗಿ, ಟೋಕನ್ ತಗೊಂಡು, ಪಾರ್ಸೆಲ್ ಕೌಂಟರಿನಲ್ಲಿ ನಿಂತು, ವಾಪಸ್ ಬಂದು ಕೂತು ತಿನ್ನಲು ಹತ್ತು ನಿಮಿಷವಾದರೂ ಉಳಿಯುತ್ತಾ ನೋಡಿ. ಉಳಿಯದಿದ್ದರೆ ಮಗು ನಡೆದುಕೊಂಡೇ ಬಾಯಿಗೆ ಹಾಕಿಕೊಳ್ಳುವಂಥದ್ದನ್ನೇ ಆರಿಸುತ್ತದೆ. ಪಫ್ಸು, ಗೋಬಿ, ಬೋಂಡ. ಬೇರೇನೂ ಸಾಧ್ಯವೇ ಆಗದ್ದಕ್ಕೆ ಅದು ತಿನ್ನುತ್ತಿರುತ್ತದೆ.

2. ಒಂದು ಶನಿವಾರ ಜೊತೆಗೆ ಹೋಗಿ ಅಂಗಡಿ ನೋಡಿ

ಇಷ್ಟರಲ್ಲಿ ಯಾವುದಾದರೂ ಒಂದೇ ಮಾಡ್ತೀನಿ ಅನ್ನುವವರು ಇದನ್ನು ಮಾಡಿ. ಕಾಲೇಜಿನ ಸುತ್ತ ಹತ್ತು ನಿಮಿಷದ ದಾರಿಯಲ್ಲಿ ಏನೇನಿದೆ ಅಂತ ಮಗುವಿನ ಜೊತೆ ನಡೆದು ನೋಡಿ. ಪಾಠ ಹೇಳಬೇಡಿ, ಹಸಿದುಕೊಂಡು ಹೋಗಿ, ಕೊಂಡು ತಿನ್ನಿ. ಶನಿವಾರ ಅರ್ಧ ದಿನ ಕಾಲೇಜು ಇದ್ದರೆ ಇನ್ನೂ ಒಳ್ಳೆಯದು, ಮಕ್ಕಳ ಗುಂಪು ಎಲ್ಲಿ ನಿಲ್ಲುತ್ತದೆ ಅಂತ ನಿಮಗೇ ಕಾಣುತ್ತದೆ.

ಬೆಂಗಳೂರಿನಲ್ಲಾದರೆ ಒಂದು ದರ್ಶಿನಿ ಇದ್ದೇ ಇರುತ್ತದೆ. ನಿಂತು ತಿನ್ನುವ ಈ ಹೋಟೆಲುಗಳು 1980ರ ದಶಕದಲ್ಲಿ ಶುರುವಾಗಿದ್ದು. ಇವುಗಳಲ್ಲಿ ದೊಡ್ಡ ಅನುಕೂಲ ಏನು ಅಂದರೆ ಅಡುಗೆಮನೆ ಕಣ್ಣೆದುರಿಗೇ ಇರುತ್ತದೆ, ಮತ್ತು ವ್ಯಾಪಾರ ಜೋರಾಗಿರುವುದರಿಂದ ಪಾತ್ರೆ ಖಾಲಿಯಾಗಿ ಹೊಸದು ಬರುತ್ತಲೇ ಇರುತ್ತದೆ. ಇಂದಿರಾ ಕ್ಯಾಂಟೀನ್ ಹತ್ತಿರದಲ್ಲಿದ್ದರೆ ಅದನ್ನೂ ತೋರಿಸಿ. 2017ರಲ್ಲಿ ಶುರುವಾದಾಗಿನಿಂದ ಅಲ್ಲಿ ಹತ್ತು ರೂಪಾಯಿಗೆ ಮಧ್ಯಾಹ್ನದ ಊಟ ಸಿಗುತ್ತಿದೆ. ಅಲ್ಲಿ ಹೋಗೋಕೆ ಮಕ್ಕಳಿಗೆ ಸಂಕೋಚ ಇರುತ್ತದೆ, ನೀವೇ ಜೊತೆಗೆ ನಿಂತು ಒಂದು ಸಲ ತಿಂದರೆ ಅದು ಹೋಗುತ್ತದೆ. ಹುಬ್ಬಳ್ಳಿ-ಧಾರವಾಡದ ಕಡೆಯವರಿಗೆ ಖಾನಾವಳಿ ಇದೆ: ಜೋಳದ ರೊಟ್ಟಿ, ಕಾಳುಪಲ್ಯ, ಶೇಂಗಾ ಚಟ್ನಿಪುಡಿ. ಇದಕ್ಕಿಂತ ಒಳ್ಳೆಯ ಪಾರ್ಸೆಲ್ ನನಗಂತೂ ಗೊತ್ತಿಲ್ಲ. ನೀರಿನ ಅಂಶ ಕಡಿಮೆ, ಬೇಗ ಕೆಡುವುದಿಲ್ಲ, ಹೊಟ್ಟೆಯೂ ತುಂಬುತ್ತದೆ.

ಅಂಗಡಿ ಮುಂದೆ ನಿಂತಾಗ ಮೂರು ಕಡೆ ಕಣ್ಣು ಹಾಯಿಸಲು ಹೇಳಿಕೊಡಿ. ಕರಿಯುವ ಎಣ್ಣೆ ಕಪ್ಪಾಗಿ ನೊರೆ ಬರುತ್ತಿದೆಯಾ? ಪ್ಲೇಟು ತೊಳೆಯುವುದು ಹರಿಯುವ ನೀರಿನಲ್ಲಾ, ಬಕೆಟ್ಟಿನಲ್ಲಿ ಅದ್ದಿ ತೆಗೆಯುತ್ತಾರಾ? ದುಡ್ಡು ಮುಟ್ಟಿದ ಕೈಯಲ್ಲೇ ಈರುಳ್ಳಿ ಉದುರಿಸುತ್ತಾರಾ? ಆಹಾರ ಸುರಕ್ಷತೆ ನೋಡಿಕೊಳ್ಳುವ ಕೇಂದ್ರ ಸಂಸ್ಥೆ ಎಫ್‌ಎಸ್‌ಎಸ್‌ಎಐ ಕೊಡುವ ಪರವಾನಗಿ ಅಥವಾ ನೋಂದಣಿಯ 14 ಅಂಕಿಯ ಸಂಖ್ಯೆಯನ್ನು ಕಾಣುವ ಹಾಗೆ ಹಾಕಿರಬೇಕು, ಅದು ಎಲ್ಲಿದೆ ಅಂತ ಹುಡುಕುವುದು ಮಕ್ಕಳಿಗೆ ಒಂದು ಆಟದ ಹಾಗೆ ಆಗುತ್ತದೆ. ಇಡ್ಲಿ ತಗೊಳ್ಳುವ ಕಡೆ ತಟ್ಟೆಗೆ ಹಾಸಿರುವುದು ಬಟ್ಟೆಯಾ ಪ್ಲಾಸ್ಟಿಕ್ ಹಾಳೆಯಾ ಅಂತಲೂ ನೋಡಲಿ. 2025ರ ಫೆಬ್ರವರಿಯಲ್ಲಿ ನಮ್ಮ ರಾಜ್ಯದ ಆರೋಗ್ಯ ಇಲಾಖೆ ತಪಾಸಣೆ ಮಾಡಿಸಿದಾಗ ಹಲವು ಕಡೆ ಪ್ಲಾಸ್ಟಿಕ್ ಹಾಳೆಯ ಮೇಲೆ ಇಡ್ಲಿ ಬೇಯಿಸುವುದು ಸಿಕ್ಕಿಬಿದ್ದಿತ್ತು.

ಈ ಸುತ್ತಾಟದ ಕೊನೆಗೆ ಮಗಳೇ ಮೂರು ಅಂಗಡಿ ಆರಿಸಿದಳು. ಒಂದು ನನಗೆ ಅಷ್ಟು ಇಷ್ಟವಾಗಲಿಲ್ಲ. ಇರಲಿ ಅಂದೆ, ಆರಿಸಿದ್ದು ಅವಳು ಅಲ್ವಾ.

3. ಏನು ಕಟ್ಟಿಸಬೇಕು

ಬೆಳಿಗ್ಗೆಯೇ ಕಟ್ಟಿಸುವುದಾದರೆ ಬಿಸಿ ಇಡ್ಲಿ, ಪುಳಿಯೋಗರೆ, ರೊಟ್ಟಿ-ಒಣ ಪಲ್ಯದಂಥವು ಮೇಲು. ಪುಳಿಯೋಗರೆಗೆ ಹುಣಸೆಹಣ್ಣಿನ ಹುಳಿ ಕಾವಲಿದ್ದ ಹಾಗೆ. ದೂರದ ಪ್ರಯಾಣಕ್ಕೆ ನಮ್ಮ ಹಿರಿಯರು ಅದನ್ನೇ ಕಟ್ಟಿಕೊಳ್ಳುತ್ತಿದ್ದರು. ಮಸಾಲೆ ದೋಸೆ, ವಡೆ ಬೇಡ. ಆವಿಗೆ ಮೆತ್ತಗಾಗಿ ರುಚಿಯೇ ಕೆಡುತ್ತದೆ, ಮಗು ಅರ್ಧ ತಿಂದು ಎಸೆಯುತ್ತದೆ.

ಕೆಡುವುದರಲ್ಲಿ ಎಲ್ಲಕ್ಕಿಂತ ಮೊದಲು ನಿಲ್ಲುವುದು ಹಸಿ ತೆಂಗಿನಕಾಯಿ ಚಟ್ನಿ. ಬೆಳಿಗ್ಗೆ ರುಬ್ಬಿದ್ದನ್ನು ಚಿಕ್ಕ ಕವರಿಗೆ ಹಾಕಿ ದಾರ ಸುತ್ತಿ ಬಿಸಿ ಇಡ್ಲಿ ಪಕ್ಕದಲ್ಲೇ ಇಟ್ಟಿರುತ್ತಾರೆ. ಬೇಸಿಗೆಯಲ್ಲಿ ಮಧ್ಯಾಹ್ನ ಬಿಚ್ಚಿದರೆ ಕವರ್ ಸ್ವಲ್ಪ ಉಬ್ಬಿರುತ್ತದೆ, ಹುಳಿ ವಾಸನೆ ಮೂಗಿಗೆ ಹೊಡೆಯುತ್ತದೆ. ‘ಚಟ್ನಿ ಬೇಡ, ಚಟ್ನಿಪುಡಿ ಹಾಕಿ’ ಅಂತ ಕೇಳುವುದನ್ನು ಅಭ್ಯಾಸ ಮಾಡಿಸಿ. ಮನೆಯ ಚಟ್ನಿಪುಡಿಗೆ ಎಣ್ಣೆ ಕಲಸಿ ಒಂದು ಸಣ್ಣ ಡಬ್ಬಿಯಲ್ಲಿ ಬ್ಯಾಗಿಗೆ ಹಾಕಿಕೊಟ್ಟರೂ ಆಯಿತು.

ಅನ್ನದ ಬಗ್ಗೆ ಒಂದು ವಿಷಯ ಗೊತ್ತಿರಲಿ. ಬೇಯಿಸಿದ ಅನ್ನ ಗಂಟೆಗಟ್ಟಲೆ ಬೆಚ್ಚಗೆ ಕೂತರೆ ಬ್ಯಾಸಿಲಸ್ ಸೀರಿಯಸ್ ಅನ್ನುವ ಬ್ಯಾಕ್ಟೀರಿಯಾ ಬೆಳೆಯುತ್ತದೆ. ಅದು ಬಿಡುವ ಒಂದು ವಿಷ, ಮತ್ತೆ ಬಿಸಿ ಮಾಡಿದರೂ ಹೋಗುವುದಿಲ್ಲ. ಗಾಡಿಗಳಲ್ಲಿ ಫ್ರೈಡ್ ರೈಸ್ ಮಾಡುವಾಗ ಎಷ್ಟು ಜೋರು ಉರಿ ಇದ್ದರೂ, ಹಿಂದೆ ಬುಟ್ಟಿಯಲ್ಲಿ ಬಟ್ಟೆ ಮುಚ್ಚಿಟ್ಟ ಅನ್ನ ಯಾವಾಗಿನದು ಅನ್ನುವುದೇ ಮುಖ್ಯ. ಆಹಾರ 60 ಡಿಗ್ರಿಗಿಂತ ಬಿಸಿ ಇರಬೇಕು, ಇಲ್ಲವೇ 5 ಡಿಗ್ರಿಗಿಂತ ತಣ್ಣಗಿರಬೇಕು. ನಡುವಿನ ಬೆಚ್ಚಗಿನ ಸ್ಥಿತಿಯಲ್ಲಿ ಎರಡು ಗಂಟೆಗಿಂತ ಜಾಸ್ತಿ ಇಡಬಾರದು. ಮಗಳಿಗೆ ನಾನು ಹೇಳಿಕೊಟ್ಟಿದ್ದು ಇಷ್ಟೇ: ಹಬೆ ಆಡುತ್ತಿದ್ದರೆ ತಗೋ, ಉಗುರುಬೆಚ್ಚಗಿದ್ದರೆ ಬಿಡು. ಬೆಳಿಗ್ಗೆ ಕಟ್ಟಿಸುವ ದಿನ ಬಿಸಿ ಹಿಡಿದಿಡುವ ಡಬ್ಬಿಯೇ ಬೇಕಾಗುವುದೂ ಇದಕ್ಕೇ.

4. ಗೋಬಿಯ ಬಣ್ಣ

ಗೋಬಿ ತಿನ್ನಲೇಬೇಡ ಅಂದರೆ ಯಾವ ಹದಿನಾರರ ಮಗುವೂ ಕೇಳುವುದಿಲ್ಲ. ಆದರೆ ಕಾರಣ ಹೇಳಿದರೆ ಕೇಳುತ್ತಾರೆ, ಇದು ನನ್ನ ಅನುಭವ. 2024ರ ಮಾರ್ಚ್‌ನಲ್ಲಿ ಕರ್ನಾಟಕ ಸರ್ಕಾರ ಗೋಬಿ ಮಂಚೂರಿ ಮತ್ತು ಬಾಂಬೆ ಮಿಠಾಯಿಗೆ ಕೃತಕ ಬಣ್ಣ ಹಾಕುವುದನ್ನು ನಿಷೇಧಿಸಿತು. ಪರೀಕ್ಷೆ ಮಾಡಿದ 171 ಗೋಬಿ ಮಾದರಿಗಳಲ್ಲಿ 107ರಲ್ಲಿ ಕೃತಕ ಬಣ್ಣ ಸಿಕ್ಕಿತ್ತು. ಬಾಂಬೆ ಮಿಠಾಯಿಯಲ್ಲಿ ರೋಡಮೈನ್-ಬಿ ಸಿಕ್ಕಿತು, ಅದು ಬಟ್ಟೆಗೆ ಹಾಕುವ ಬಣ್ಣ. ಅದೇ ವರ್ಷ ಜೂನ್‌ನಲ್ಲಿ ಕಬಾಬ್‌ಗೆ ಬಣ್ಣ ಹಾಕುವುದಕ್ಕೂ ನಿಷೇಧ ಬಂತು. ಈ ಸಂಖ್ಯೆಗಳನ್ನು ಮಗಳ ಮುಂದೆ ಇಟ್ಟಾಗ ಅವಳು ಮೊದಲು ಕೇಳಿದ್ದು, ‘ಹಾಗಾದ್ರೆ ಯಾವ ಅಂಗಡಿದು ಪರವಾಗಿಲ್ಲ?’ ಅಂತ.

ಬಣ್ಣ ಹಾಕದ ಗೋಬಿ ಇಟ್ಟಿಗೆ ಕಂದು ಬಣ್ಣಕ್ಕಿರುತ್ತದೆ, ಸ್ವಲ್ಪ ಮಂಕು. ಬ್ಯಾಡಗಿ ಮೆಣಸಿನಕಾಯಿ ಹಾಕಿದರೆ ಒಳ್ಳೆಯ ಕೆಂಪೇ ಬರುತ್ತದೆ, ಆದರೆ ಆ ಕೆಂಪು ಎಣ್ಣೆಯಲ್ಲಿ ಬಿಡುತ್ತದೆ, ನೀರಿನಲ್ಲಿ ಅಷ್ಟಾಗಿ ಬಿಡುವುದಿಲ್ಲ. ಹಾಗಾಗಿ ಗೋಬಿಯ ಒಂದು ತುಂಡನ್ನು ಲೋಟದ ನೀರಿಗೆ ಹಾಕಿ ನೋಡಿ. ನೀರು ತಕ್ಷಣ ಶರಬತ್ತಿನ ಹಾಗೆ ಗಾಢ ಕೆಂಪಾದರೆ ಗುಮಾನಿ ಪಡಬಹುದು. ಇದು ಪ್ರಯೋಗಾಲಯದ ಪರೀಕ್ಷೆ ಅಲ್ಲ, ಸಾಸ್ ಇದ್ದರೂ ಸ್ವಲ್ಪ ಬಣ್ಣ ಬಿಡುತ್ತದೆ. ಸೋಪು ಹಾಕಿ ತೊಳೆದರೂ ಬೆರಳ ತುದಿ ಕೆಂಪಾಗೇ ಉಳಿದರೆ ಆ ಅಂಗಡಿ ಬಿಟ್ಟುಬಿಡಿ.

5. ಕವರ್ ಬೇಡ, ಡಬ್ಬಿ ಕೊಡಿ

ಖಾಲಿ ಸ್ಟೀಲ್ ಡಬ್ಬಿ ಕಳಿಸಿ. ‘ಅಣ್ಣಾ, ಇದಕ್ಕೇ ಹಾಕಿಕೊಡಿ’ ಅಂದರೆ ದರ್ಶಿನಿಯವರು ಇಲ್ಲ ಅನ್ನುವುದಿಲ್ಲ, ಎಷ್ಟೋ ಕಡೆ ಪಾರ್ಸೆಲ್ ಚಾರ್ಜೂ ಉಳಿಯುತ್ತದೆ. ಕುದಿಯುವ ಸಾಂಬಾರನ್ನು ತೆಳ್ಳನೆಯ ಪ್ಲಾಸ್ಟಿಕ್ ಕವರಿಗೆ ಸುರಿಸಿಕೊಳ್ಳುವುದು ತಪ್ಪುತ್ತದೆ. ನ್ಯೂಸ್‌ಪೇಪರಿನಲ್ಲಿ ಕಟ್ಟಿಕೊಡುವುದಂತೂ ಕಾನೂನಿನ ಪ್ರಕಾರವೇ ತಪ್ಪು. ಎಫ್‌ಎಸ್‌ಎಸ್‌ಎಐನ 2018ರ ಪ್ಯಾಕಿಂಗ್ ನಿಯಮದಲ್ಲಿ ಅದನ್ನು ನಿಷೇಧಿಸಿದ್ದಾರೆ, ಯಾಕೆಂದರೆ ಶಾಯಿ ಎಣ್ಣೆಗೆ ಇಳಿಯುತ್ತದೆ. ಮಗಳು ಮೊದಲು ಡಬ್ಬಿ ಹಿಡಿದು ನಿಲ್ಲೋಕೆ ನಾಚಿಕೊಂಡಳು. ಗೆಳತಿಯೊಬ್ಬಳೂ ತಂದ ಮೇಲೆ ಸರಿಹೋಯಿತು.

6. ಜೊತೆಗೆ ಮನೆಯಿಂದ ಒಂದು ಪುಟ್ಟ ಡಬ್ಬಿ

ಹೊರಗಿನ ಪಾರ್ಸೆಲ್ಲಿನಲ್ಲಿ ಅನ್ನ, ಹಿಟ್ಟು, ಎಣ್ಣೆ ಸಾಕಷ್ಟಿರುತ್ತದೆ. ಇಲ್ಲದಿರುವುದು ಕಾಳು, ಮೊಟ್ಟೆ, ಸೊಪ್ಪು, ಹಸಿ ತರಕಾರಿ. ಅದನ್ನು ಮಾತ್ರ ಮನೆಯಿಂದ ಕೊಡಿ. ಬೇಯಿಸಿದ ಮೊಟ್ಟೆ, ಹುರಿದ ಕಡಲೆಬೀಜ, ಮೊಳಕೆ ಹೆಸರುಕಾಳು ಬೇಯಿಸಿ ಮಾಡಿದ ಉಸಲಿ, ಸೌತೆಕಾಯಿ ಹೋಳು, ಒಂದು ಸೀಬೆಕಾಯಿ. ಪೂರ್ತಿ ಊಟದ ಡಬ್ಬಿ ಹೊರೋಕೆ ಒಪ್ಪದ ಮಗು ಅಂಗೈ ಅಗಲದ ಡಬ್ಬಿಗೆ ಒಪ್ಪುತ್ತದೆ.

ಹೆಣ್ಣುಮಕ್ಕಳ ಮನೆಯವರಿಗೆ ಇದನ್ನು ಒತ್ತಿ ಹೇಳ್ತೀನಿ. 2019-21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯಲ್ಲಿ ನಮ್ಮ ರಾಜ್ಯದ 15ರಿಂದ 49 ವರ್ಷದ ಹೆಂಗಸರಲ್ಲಿ ಹತ್ತಿರ ಹತ್ತಿರ ಅರ್ಧ ಜನಕ್ಕೆ ರಕ್ತಹೀನತೆ ಕಂಡುಬಂದಿತ್ತು. ಈ ವಯಸ್ಸಿನ ಹುಡುಗಿಯರಿಗೆ ದಿನಕ್ಕೆ 30 ಮಿಲಿಗ್ರಾಂ ಆಸುಪಾಸು ಕಬ್ಬಿಣಾಂಶ ಬೇಕು. ದಿನಾ ಪಫ್ಸು, ಗೋಬಿ ತಿಂದರೆ ಅದು ಎಲ್ಲಿಂದ ಬರಬೇಕು? ಕಾಳಿನ ಮೇಲೆ ನಿಂಬೆಹಣ್ಣು ಹಿಂಡಿದರೆ ಅದರ ಕಬ್ಬಿಣ ಮೈಗೆ ಚೆನ್ನಾಗಿ ಹತ್ತುತ್ತದೆ. ಊಟ ಆದ ತಕ್ಷಣ ಕಾಫಿ, ಟೀ ಕುಡಿದರೆ ಅಷ್ಟಾಗಿ ಹತ್ತುವುದಿಲ್ಲ, ಒಂದು ಗಂಟೆ ಬಿಟ್ಟು ಕುಡಿಯಲಿ.

ಕುಡಿಯಲು ನೀರಿನ ಬಾಟಲಿ, ಇಲ್ಲವೇ ಮಜ್ಜಿಗೆ. 250 ಮಿಲಿಯ ಕೋಲಾ ಬಾಟಲಿಯಲ್ಲಿ 25 ಗ್ರಾಂಗಿಂತ ಜಾಸ್ತಿ ಸಕ್ಕರೆ ಇರುತ್ತದೆ. ಇಡೀ ದಿನಕ್ಕೆ ಮೇಲಿಂದ ಹಾಕಿಕೊಳ್ಳಬಹುದಾದ ಸಕ್ಕರೆಯೇ ಅಷ್ಟು. ಬಾಟಲಿ ಹಿಂದಿನ ಪಟ್ಟಿಯನ್ನು ಮಗುವೇ ಓದಿ ಗುಣಿಸಿ ನೋಡಲಿ.

7. ದುಡ್ಡು ಮತ್ತು ಆ್ಯಪ್

ವಾರಕ್ಕೆ ಎಷ್ಟು ದಿನ ಪಾರ್ಸೆಲ್ ಅಂತ ಇಬ್ಬರೂ ಕೂತು ಮಾತಾಡಿಕೊಳ್ಳಿ. ನಮ್ಮಲ್ಲಿ ಎರಡು ದಿನ. ವಾರದ ದುಡ್ಡು ಸೋಮವಾರವೇ ಕೈಗೆ ಕೊಡುತ್ತೇನೆ, ಯಾವ ದಿನ ಅನ್ನುವುದು ಅವಳಿಗೆ ಬಿಟ್ಟಿದ್ದು. ಉಳಿದರೆ ಅವಳದೇ.

ಸ್ವಿಗ್ಗಿ, ಜೊಮ್ಯಾಟೊ ಖಾತೆ ನಿಮ್ಮ ಹೆಸರಿನಲ್ಲೇ, ನಿಮ್ಮ ಫೋನಿನಲ್ಲೇ ಇರಲಿ. ಅಪರೂಪಕ್ಕೆ ಒಂದು ದಿನ ಹುಟ್ಟುಹಬ್ಬಕ್ಕೋ ಮತ್ತೊಂದಕ್ಕೋ ತರಿಸಿದರೆ, ಕಾಲೇಜಿಗೆ ಹತ್ತಿರದ ಹೋಟೆಲಿನಿಂದಲೇ ತರಿಸಿ. ದೂರ ಹೆಚ್ಚಾದಷ್ಟೂ ಊಟ ಆರುತ್ತದೆ, ಬಿಡುವೂ ಮುಗಿಯುತ್ತದೆ. ಡೆಲಿವರಿಯವರು ಬಿಸಿಲಲ್ಲಿ ಗೇಟಿನ ಹತ್ತಿರ ಕಾಯುತ್ತಿರುತ್ತಾರೆ, ಬೆಲ್ ಹೊಡೆದ ತಕ್ಷಣ ಹೋಗಿ ತಗೊಳ್ಳಬೇಕು ಅಂತ ಮಗುವಿಗೆ ಹೇಳಿ.

8. ಹೊಟ್ಟೆ ಕೆಟ್ಟರೆ

ಎಷ್ಟು ನೋಡಿ ತಿಂದರೂ ಒಂದೊಂದು ಸಲ ಆಗುತ್ತದೆ. ಕಳೆದ ಬೇಸಿಗೆಯಲ್ಲಿ ಒಂದೇ ಅಂಗಡಿಯ ಪಲಾವ್ ಹಂಚಿಕೊಂಡು ತಿಂದ ನಾಲ್ಕು ಹುಡುಗಿಯರಲ್ಲಿ ಮೂವರಿಗೆ ಸಂಜೆಯೊಳಗೆ ವಾಂತಿ ಶುರುವಾಯಿತು, ನನ್ನ ಮಗಳೂ ಅದರಲ್ಲಿದ್ದಳು. ಬೈಸಿಕೊಳ್ಳಬೇಕಾಗುತ್ತದೆ ಅಂತ ಹೆದರಿ ರಾತ್ರಿ ಎಂಟರವರೆಗೆ ಬಾಯಿ ಬಿಟ್ಟಿರಲಿಲ್ಲ. ಅಷ್ಟು ಹೊತ್ತಿಗೆ ಸುಸ್ತಾಗಿ ಮಲಗಿಬಿಟ್ಟಿದ್ದಳು. ಆದ್ದರಿಂದ ಏನು ತಿಂದಿದ್ದರೂ ಹೇಳಿದರೆ ಬೈಯುವುದಿಲ್ಲ ಅಂತ ಮೊದಲೇ ಮಾತು ಕೊಟ್ಟಿರಿ, ಆ ಮಾತಿಗೆ ತಪ್ಪಬೇಡಿ.

ಒಆರ್‌ಎಸ್ ಪುಡಿ ಮನೆಯಲ್ಲಿರಲಿ. ದೊಡ್ಡ ಪೊಟ್ಟಣವನ್ನು ಒಂದು ಲೀಟರ್ ಕುದಿಸಿ ಆರಿಸಿದ ನೀರಿಗೆ ಪೂರ್ತಿ ಹಾಕಿ ಕಲಸಿ, ಗುಟುಕು ಗುಟುಕಾಗಿ ಕುಡಿಸಿ. ಜ್ವರ ಬಂದರೆ, ಮಲದಲ್ಲಿ ರಕ್ತ ಕಂಡರೆ, ಕುಡಿದ ನೀರೂ ನಿಲ್ಲದಿದ್ದರೆ, ಮೂತ್ರ ಕಡಿಮೆಯಾದರೆ ತಡ ಮಾಡದೆ ಡಾಕ್ಟರ ಹತ್ತಿರ ಕರೆದುಕೊಂಡು ಹೋಗಿ. ಬಿಲ್ಲು ಇದ್ದರೆ ಎಸೆಯಬೇಡಿ, ಅಂಗಡಿಯ ಪರವಾನಗಿ ಸಂಖ್ಯೆಯ ಫೋಟೊ ತೆಗೆದಿಡಿ. ಎಫ್‌ಎಸ್‌ಎಸ್‌ಎಐನ ಫುಡ್ ಸೇಫ್ಟಿ ಕನೆಕ್ಟ್ ಆ್ಯಪಿನಲ್ಲಿ ದೂರು ಕೊಡಬಹುದು, 1915 ಗ್ರಾಹಕ ಸಹಾಯವಾಣಿಗೂ ಫೋನ್ ಮಾಡಬಹುದು. ಅದಕ್ಕೂ ಮೊದಲು, ಅದೇ ಪಾರ್ಸೆಲ್ ಹಂಚಿಕೊಂಡು ತಿಂದ ಗೆಳತಿಯರ ಮನೆಗೆ ಒಂದು ಫೋನ್ ಮಾಡಿ. ಅಲ್ಲೂ ಒಬ್ಬಳು ಹೇಳೋಕೆ ಹೆದರಿ ಮಲಗಿರಬಹುದು.