ವರ್ಮೀರನ ಚಿತ್ರಕ್ಕೆ ಧಾರವಾಡದ ಕಟ್ಟು

ಧಾರವಾಡದ ಸಪ್ತಾಪುರದಲ್ಲಿರುವ ನಮ್ಮ ಮನೆಯ ಪಡಸಾಲೆಗೆ ಡಚ್ ಕಲಾವಿದ ವರ್ಮೀರನ ಹಾಲು ಸುರಿಯುವ ಹೆಂಗಸಿನ ಚಿತ್ರವನ್ನು ಹಾಕಬೇಕೆಂಬ ಆಸೆ ನನಗೆ ಬಹಳ ದಿನಗಳಿಂದ ಇತ್ತು. 1660ರ ಆಸುಪಾಸಿನ ಈ ತೈಲಚಿತ್ರ ಆಮ್‌ಸ್ಟರ್‌ಡ್ಯಾಮಿನ ರೈಕ್ಸ್‌ಮ್ಯೂಸಿಯಂನಲ್ಲಿದೆ. ಮೊದಲ ಸಲ ಅವಸರಪಟ್ಟು, ಕಟ್ಟು ಹಾಕಿ ಸಿದ್ಧವಾಗಿದ್ದ ಪ್ರತಿಯನ್ನೇ ಆನ್‌ಲೈನ್‌ನಲ್ಲಿ ತರಿಸಿದೆ. ಮೂಲಚಿತ್ರ 45.5 ಸೆಂ.ಮೀ. ಎತ್ತರ, 41 ಸೆಂ.ಮೀ. ಅಗಲ, ಅಂದರೆ ಹೆಚ್ಚುಕಡಿಮೆ ಚೌಕ. ನನಗೆ ಬಂದದ್ದು 18 ಇಂಚು ಎತ್ತರ, 12 ಇಂಚು ಅಗಲದ್ದು. ಅಳತೆಗೆ ಹೊಂದಿಸಲು ಎರಡೂ ಬದಿ ಕತ್ತರಿಸಿದ್ದರಿಂದ ಎಡಗಡೆಯ ಕಿಟಕಿಯ ಬಹುಭಾಗವೇ ಹೋಗಿತ್ತು. ಬೆಳಕು ಬರುವ ಕಿಟಕಿಯೇ ಇಲ್ಲದ ಮೇಲೆ ಆ ಚಿತ್ರದಲ್ಲಿ ಉಳಿಯುವುದೇನು? ಸಾಲದ್ದಕ್ಕೆ ಮುದ್ರಣವೂ ಮಬ್ಬಾಗಿತ್ತು. "ಈಕಿ ಯಾಕೋ ಕತ್ತಲದಾಗ ನಿಂತು ಹಾಲು ಹಾಕಲಿಕ್ಕತ್ತಾಳ?" ಎಂದು ನಮ್ಮವ್ವ ಕೇಳಿದಳು.

ಎರಡನೆಯ ಸಲ ಮುದ್ರಣವನ್ನೂ ಕಟ್ಟನ್ನೂ ಬೇರೆ ಬೇರೆ ಮಾಡಿಸಿದೆ. ರೈಕ್ಸ್‌ಮ್ಯೂಸಿಯಂ ತನ್ನ ಜಾಲತಾಣದಲ್ಲಿ ಈ ಚಿತ್ರದ ದೊಡ್ಡ ಫೈಲನ್ನು ಉಚಿತವಾಗಿ ಕೊಡುತ್ತದೆ. ಇಂಚಿಗೆ 300 ಚುಕ್ಕೆಯ ಲೆಕ್ಕದಲ್ಲಿ ಮೂಲದ ಅಳತೆಗೇ ಮುದ್ರಿಸಲು ಸುಮಾರು 5,400 × 4,800 ಪಿಕ್ಸೆಲ್ ಬೇಕು. ಅಷ್ಟಿದೆಯೆಂದು ನೋಡಿಕೊಂಡು ಪೆನ್‌ಡ್ರೈವ್‌ನಲ್ಲಿ ಹುಬ್ಬಳ್ಳಿಗೆ ಒಯ್ದೆ. ಹೊಳಪಿಲ್ಲದ ಹತ್ತಿಯ ಕಾಗದದ ಮೇಲೆ, ಪಿಗ್ಮೆಂಟ್ ಶಾಯಿಯಲ್ಲಿ, ಮೊದಲು ಅಂಗೈಯಗಲದ ಒಂದು ತುಂಡನ್ನು ಮಾತ್ರ ತೆಗೆಸಿ ಅಂಗಡಿಯ ಹೊರಗೆ ಬಿಸಿಲಿನಲ್ಲಿ ಹಿಡಿದು ನೋಡಿದೆ. ಲ್ಯಾಪಿಸ್ ಲಾಜುಲಿ ಕಲ್ಲಿನಿಂದ ಮಾಡಿದ ಬಣ್ಣದ ಆ ನೀಲಿ ಉಡುಪು ಬದನೆಕಾಯಿಯಂತೆ ಕಂಡಿತು. ಮೂರನೆಯ ತುಂಡಿಗೆ ನೀಲಿ ನೀಲಿಯಾಯಿತು.

ಇಲ್ಲಿನ ಕಟ್ಟು ಹಾಕುವವರು ಬಂಗಾರದ ಬಣ್ಣದ, ಕೆತ್ತನೆಯ ಪಟ್ಟಿ ತೋರಿಸಿ, ಗಾಜನ್ನು ಚಿತ್ರಕ್ಕೆ ತಾಗಿಸಿಯೇ ಕೂರಿಸುವುದಾಗಿ ಹೇಳಿದರು. ನಾನು ಒಪ್ಪಲಿಲ್ಲ. ಅಜ್ಜಿಯ ದೇವರಮನೆಯಲ್ಲಿದ್ದ ರವಿವರ್ಮನ ಲಕ್ಷ್ಮಿಯ ಹಳೆಯ ಅಚ್ಚು ಮಳೆಗಾಲದ ತಂಪಿಗೆ ಗಾಜಿಗೇ ಅಂಟಿಕೊಂಡಿತ್ತು. ಗಾಜು ತೆಗೆದಾಗ ದೇವಿಯ ಒಂದು ಕೈ ಅದರ ಜೊತೆಗೇ ಎದ್ದು ಬಂದದ್ದು ನನಗಿನ್ನೂ ನೆನಪಿದೆ. ಆದ್ದರಿಂದ ಸುತ್ತಲೂ ಎರಡು ಇಂಚಿನ, ಆಮ್ಲರಹಿತ ಮೌಂಟ್ ಬೋರ್ಡ್ ಕೊಡಿಸಿದೆ. ಅದರ ದಪ್ಪವೇ ಗಾಜನ್ನು ಚಿತ್ರದಿಂದ ದೂರವಿಡುತ್ತದೆ. ಸಾಗವಾನಿಯ ಸಾದಾ ಪಟ್ಟಿ ಹಾಕಿಸಿ, ಹಿಂದೆ ಹಾರ್ಡ್‌ಬೋರ್ಡ್ ಕೂರಿಸಿ, ಅಂಚಿಗೆಲ್ಲ ಕಾಗದದ ಟೇಪು ಅಂಟಿಸಿ, ಗಾಳಿಯಾಡಲೆಂದು ಕೆಳಗಿನ ಎರಡು ಮೂಲೆಗೂ ಬೂಚಿನ ತುಂಡು ಹಚ್ಚಿಸಿದೆ. ನಮ್ಮ ಪಶ್ಚಿಮದ ಗೋಡೆ ಜೂನ್‌ನಿಂದ ಹಸಿಯಾಗುವುದರಿಂದ ಒಳಗೋಡೆಯನ್ನೇ ಆರಿಸಿದೆ.

ಚಿತ್ರದೊಳಗಿನ ಬಿಳಿ ಗೋಡೆಯಲ್ಲಿ ಒಂದು ಮೊಳೆಯೂ ಅದರ ಪುಟ್ಟ ನೆರಳೂ ಇವೆ. ಮೊದಲ ಪ್ರತಿಯಲ್ಲಿ ಅದು ಕಾಣುತ್ತಲೇ ಇರಲಿಲ್ಲ. ಈ ಸಲ ಅವ್ವ ಚಷ್ಮಾ ಹಾಕಿಕೊಂಡು ಹತ್ತಿರ ಹೋಗಿ, "ಮೊಳಿ ಬಡದು ಹಂಗ ಬಿಟ್ಟಾರ ನೋಡು" ಎಂದಳು. ಎರಡು ಮಳೆಗಾಲ ಕಳೆದಿವೆ. ಹಿಂಬದಿಯ ಟೇಪು ಒಂದು ಮೂಲೆಯಲ್ಲಿ ಮಾತ್ರ ಬಿಟ್ಟುಕೊಂಡಿದೆ.