ಸ್ಕ್ರ್ಯಾಚ್‌ನಲ್ಲಿ ಒಗಟಿನ ಆಟ: ಬೇಸಿಗೆ ಶಿಬಿರಕ್ಕೆ ಐದು ದಿನದ ಕೆಲಸ

"ಅಂಗಡಿಯಿಂದ ತರೋದು, ಮುಂದಿಟ್ಕೊಂಡು ಅಳೋದು." ಉತ್ತರ ಈರುಳ್ಳಿ. ಇದರಲ್ಲಿ ಎಷ್ಟು ಅಕ್ಷರ ಎಂದು ಕೇಳಿದರೆ ಮೂರನೇ ಕ್ಲಾಸಿನ ಮಗುವೂ ಬೆರಳು ಮಡಚಿ ಮೂರು ಎನ್ನುತ್ತದೆ: ಈ, ರು, ಳ್ಳಿ. ಬಣ್ಣದ ಬ್ಲಾಕುಗಳನ್ನು ಜೋಡಿಸಿ ಮಕ್ಕಳು ಪ್ರೋಗ್ರಾಮ್ ಮಾಡುವ ತಂತ್ರಾಂಶ ಸ್ಕ್ರ್ಯಾಚ್. ಅದರಲ್ಲಿ ಪದದ ಉದ್ದ ಹೇಳುವ 'ಲೆಂತ್ ಆಫ್' ಬ್ಲಾಕಿಗೆ ಅದೇ ಪದ ಕೊಟ್ಟರೆ ಏಳು ಎನ್ನುತ್ತದೆ. ಕನ್ನಡದಲ್ಲಿ ಪದದ ಆಟ ಮಾಡಹೊರಟವರು ಮುಗ್ಗರಿಸುವುದು ಇಲ್ಲೇ. ನಾವು ಮಾಡಲಿರುವ ಆಟದಲ್ಲಿ ಪರದೆಯ ಮೇಲೆ ಒಂದು ಒಗಟು, ಐದು ಅಕ್ಷರದ ಬಿಲ್ಲೆ ಇರುತ್ತವೆ, ಸರಿಯಾದ ಮೂರನ್ನು ಮೌಸಿನಿಂದ ಎಳೆದು ಖಾಲಿ ಚೌಕಗಳಲ್ಲಿ ಕೂರಿಸಿ ಉತ್ತರ ಜೋಡಿಸಬೇಕು. ಆದ್ದರಿಂದ ಮೊದಲು ಇದನ್ನೇ ಬಿಡಿಸಿಕೊಳ್ಳೋಣ.

ಕಂಪ್ಯೂಟರು ಗುಣಿತಾಕ್ಷರವನ್ನು ಒಂದಾಗಿ ಇಟ್ಟುಕೊಳ್ಳುವುದಿಲ್ಲ. ಈ, ರ, ಉಕಾರದ ಕೊಂಬು, ಳ, ಒತ್ತು ಕೊಡುವ ಹಲಂತ ಚಿಹ್ನೆ, ಮತ್ತೆ ಳ, ಕೊನೆಗೆ ಇಕಾರದ ಗುಡಿಸು: ಹೀಗೆ ಏಳು ಬಿಡಿ ಸಂಕೇತ. 'ಲೆಟರ್ 2 ಆಫ್ ಈರುಳ್ಳಿ' ಎಂದರೆ ಕೊಂಬಿಲ್ಲದ ಬರೀ 'ರ' ಸಿಗುತ್ತದೆ. ಇಂಗ್ಲಿಷ್ ಪದದಾಟದ ವಿಡಿಯೊ ನೋಡಿ ಅದೇ ಬ್ಲಾಕುಗಳನ್ನು ಜೋಡಿಸಿದರೆ ಪರದೆ ತುಂಬ ಮುರಿದ ಅಕ್ಷರಗಳು ಬೀಳುತ್ತವೆ. ಪದವನ್ನು ಕಂಪ್ಯೂಟರಿನಿಂದ ಒಡೆಸಲೇಬಾರದು. ಮಕ್ಕಳೇ ಒಡೆದು, ಒಂದೊಂದು ಅಕ್ಷರವನ್ನು ಲಿಸ್ಟಿನ ಒಂದೊಂದು ಸಾಲಾಗಿ ಕೊಡಬೇಕು. ಒಡೆಯುವ ಕೆಲಸವೇ ಇಡೀ ಶಿಬಿರದ ಒಳ್ಳೆಯ ಪಾಠ.

ಏನೇನು ಬೇಕು

9ರಿಂದ 13 ವರ್ಷದ ಹನ್ನೆರಡು ಮಕ್ಕಳು, ಇಬ್ಬರಿಗೊಂದರಂತೆ ಆರು ಲ್ಯಾಪ್‌ಟಾಪ್, ಆರು ವೈರಿನ ಮೌಸ್. ಟಚ್‌ಪ್ಯಾಡಿನಲ್ಲಿ ಒತ್ತಿ ಹಿಡಿದು ಎಳೆಯುವುದು ಚಿಕ್ಕ ಕೈಗಳಿಗೆ ಕಷ್ಟ, ಅಕ್ಷರ ನಡುದಾರಿಯಲ್ಲೇ ಜಾರುತ್ತದೆ. ಮೌಸ್ ಕಡಿಮೆ ಬಿದ್ದರೆ ಬೆಂಗಳೂರಿನ ಎಸ್.ಪಿ. ರಸ್ತೆಯಲ್ಲಿ ಸಿಗುತ್ತದೆ. ಅಂಗಡಿಯಲ್ಲೇ ಚುಚ್ಚಿ, ಎಡ ಗುಂಡಿ ಒತ್ತಿ ಹಿಡಿದು ಎಳೆದು ನೋಡಿ ತನ್ನಿ. ದಪ್ಪ ಡ್ರಾಯಿಂಗ್ ಶೀಟು, ಕಪ್ಪು ಮಾರ್ಕರ್, ಸ್ಕೇಲು, ಕತ್ತರಿ, ಒಂದು ಫೋನು, ಒಂದು ಪೆನ್‌ಡ್ರೈವ್.

ಸ್ಕ್ರ್ಯಾಚ್‌ನ ಆಫ್‌ಲೈನ್ ಆ್ಯಪ್ ಉಚಿತ. ಅದನ್ನು ಹಿಂದಿನ ದಿನವೇ ಎಲ್ಲ ಲ್ಯಾಪ್‌ಟಾಪಿಗೂ ಹಾಕಿಡಿ. ಏಪ್ರಿಲ್, ಮೇ ತಿಂಗಳ ಬೆಂಗಳೂರಿನಲ್ಲಿ ಮಧ್ಯಾಹ್ನ ಕಳೆದರೆ ಗುಡುಗು ಮಳೆ, ಅದರ ಹಿಂದೆಯೇ ಕರೆಂಟು ಹೋಗುವುದು, ವೈಫೈ ನಿಲ್ಲುವುದು. ಬೆಳಿಗ್ಗೆ ಹತ್ತರಿಂದ ಹನ್ನೆರಡರ ಹೊತ್ತು ಕ್ಷೇಮ. ಇಬ್ಬರಲ್ಲಿ ಒಬ್ಬರು ಮೌಸ್ ಹಿಡಿದರೆ ಇನ್ನೊಬ್ಬರು ಹೇಳಬೇಕು, ಹದಿನೈದು ನಿಮಿಷಕ್ಕೊಮ್ಮೆ ಜಾಗ ಬದಲು. ಗಡಿಯಾರ ನೋಡಿ ನೀವೇ ಬದಲಿಸಿ, ಇಲ್ಲದಿದ್ದರೆ ಐದು ದಿನವೂ ಒಬ್ಬರ ಕೈಯಲ್ಲೇ ಮೌಸ್ ಉಳಿಯುತ್ತದೆ.

ಮೊದಲ ದಿನ ಬರೀ ಕಾಗದ

ಲ್ಯಾಪ್‌ಟಾಪ್ ತೆರೆಯಬೇಡಿ. ಪ್ರತಿ ಜೋಡಿ ನಾಲ್ಕು ಒಗಟು ಆರಿಸಬೇಕು, ಎಲ್ಲದರ ಉತ್ತರವೂ ಮೂರೇ ಅಕ್ಷರದ್ದಾಗಿರಬೇಕು. "ಹಸಿರು ಗಿಡದ ಮೇಲೆ ಮೊಸರು ಚೆಲ್ಲಿದೆ" (ಮಲ್ಲಿಗೆ), "ಹಗಲು ಮಾಯ, ರಾತ್ರಿ ಪ್ರತ್ಯಕ್ಷ" (ನಕ್ಷತ್ರ) ಇಂಥವು ಸರಿಹೊಂದುತ್ತವೆ. ಮನೆಯಲ್ಲಿ ತಮಿಳು, ತೆಲುಗು, ಉರ್ದು ಮಾತಾಡುವ ಮಕ್ಕಳು ತಮ್ಮ ಅಜ್ಜಿಯ ಒಗಟನ್ನೇ ಕನ್ನಡಕ್ಕೆ ತರಲಿ. ಉತ್ತರ ಮೂರಕ್ಷರಕ್ಕೆ ಕೂಡಿಸಲು ಅವರು ಪಡುವ ಪಾಡಿನಲ್ಲೇ ಅಕ್ಷರದ ಲೆಕ್ಕ ಕೈಗೆ ಹತ್ತುತ್ತದೆ.

ಪ್ರತಿ ಉತ್ತರಕ್ಕೆ ಮೂರು ಸರಿ ಅಕ್ಷರ, ಎರಡು ಮೋಸದ ಅಕ್ಷರ: ಐದು ಬಿಲ್ಲೆ. ನಾಲ್ಕು ಒಗಟಿಗೆ ಇಪ್ಪತ್ತು. 5 ಸೆಂ.ಮೀ. ಚೌಕ ಕತ್ತರಿಸಿ, ಅಕ್ಷರ ಬಿಲ್ಲೆಯ ಮುಕ್ಕಾಲು ಭಾಗ ತುಂಬುವಂತೆ ಬರೆಸಿ. ಒತ್ತಕ್ಷರಕ್ಕೆ ಕೆಳಗೆ ಜಾಗ ಬಿಟ್ಟುಕೊಂಡು ಶುರುಮಾಡಲು ಹೇಳಿ, ಇಲ್ಲವಾದರೆ 'ಕ್ಷ', 'ತ್ರ' ಅಂಚಿನಲ್ಲಿ ಕತ್ತರಿಸಿಹೋಗುತ್ತವೆ.

ಮೋಸದ ಅಕ್ಷರ ಆರಿಸುವುದರಲ್ಲೇ ಆಟದ ರುಚಿ. ಸಂಬಂಧವಿಲ್ಲದ 'ಝ' ಇಟ್ಟರೆ ಯಾರೂ ಮೋಸಹೋಗುವುದಿಲ್ಲ. ಈರುಳ್ಳಿಗೆ 'ಇ' ಮತ್ತು 'ಲ್ಲಿ' ಇಟ್ಟು ನೋಡಿ, ಆಡುವವರು ಒಂದು ಗಳಿಗೆ ನಿಂತು ಬಾಯಲ್ಲಿ ಹೇಳಿಕೊಂಡು ಜೋಡಿಸುತ್ತಾರೆ. ಆದರೆ 'ನೀ' ಇಡಬೇಡಿ. ಕರಾವಳಿಯ ಮನೆಗಳಲ್ಲಿ ಅದು ನೀರುಳ್ಳಿ, ಆ ಮನೆಯ ಮಗು ಸರಿಯಾಗಿಯೇ ಜೋಡಿಸಿದ್ದನ್ನು ನಿಮ್ಮ ಆಟ ತಪ್ಪು ಎನ್ನುತ್ತದೆ. ಹಾಗೆಯೇ 'ಕನಕ', 'ಜಲಜ'ದಂಥ ಪದ ಬೇಡ. ಎರಡು 'ಕ' ಕಣ್ಣಿಗೆ ಒಂದೇ, ಪ್ರೋಗ್ರಾಮಿಗೆ ಬೇರೆ ಬೇರೆ. ಮೊದಲನೆಯದನ್ನು ಮೂರನೆಯ ಚೌಕಕ್ಕೆ ಎಳೆದರೆ ವಾಪಸ್ ಕಳಿಸುತ್ತದೆ.

ಕೊನೆಯ ಅರ್ಧ ಗಂಟೆ ಬಿಲ್ಲೆಗಳನ್ನು ನೆಲದ ಮೇಲೆ ಹರಡಿ ಇನ್ನೊಂದು ಜೋಡಿಯಿಂದ ಆಡಿಸಿ. ಕಾಗದದಲ್ಲಿ ಸಪ್ಪೆಯಾದ ಆಟ ಪರದೆಯಲ್ಲೂ ಸಪ್ಪೆಯೇ.

ಬಿಲ್ಲೆ ಪರದೆಗೆ

ಎರಡನೆಯ ದಿನ ಕಿಟಕಿಯ ಪಕ್ಕ, ನೇರ ಬಿಸಿಲು ಬೀಳದ ಕಡೆ ಬಿಲ್ಲೆ ಇಟ್ಟು ಮೇಲಿನಿಂದ ಫೋಟೊ ತೆಗೆಯಿರಿ. ಟ್ಯೂಬ್‌ಲೈಟಿನ ಕೆಳಗೆ ನಿಂತರೆ ನಿಮ್ಮ ಕೈಯ ನೆರಳೇ ಬೀಳುತ್ತದೆ. ಫೋನಿನಲ್ಲೇ ಚೌಕವಾಗಿ ಕತ್ತರಿಸಿ, ಒಂದೇ ಸ್ಪ್ರೈಟಿಗೆ (ಪರದೆಯ ಮೇಲೆ ಓಡಾಡುವ ಗೊಂಬೆಗೆ) ಎಲ್ಲವನ್ನೂ ಕಾಸ್ಟ್ಯೂಮುಗಳಾಗಿ (ಅದು ತೊಡುವ ವೇಷಗಳಾಗಿ) ಹಾಕಿ. ಆ ಸ್ಪ್ರೈಟಿನ ಹೆಸರು 'ಬಿಲ್ಲೆ'. ಸ್ಟೇಜಿನ, ಎಂದರೆ ಆಟ ನಡೆಯುವ ಚೌಕಟ್ಟಿನ ಅಗಲ 480, ಎತ್ತರ 360. ದೊಡ್ಡ ಚೌಕ ಫೋಟೊ ಪೂರ್ತಿ ಎತ್ತರ ತುಂಬಿಕೊಳ್ಳುತ್ತದೆ. ಸೈಜ್ 20 ಮಾಡಿದರೆ 72ಕ್ಕೆ ಇಳಿಯುತ್ತದೆ, ಐದು ಬಿಲ್ಲೆ 85ರ ಅಂತರದಲ್ಲಿ ಹಾಯಾಗಿ ಕೂರುತ್ತವೆ.

ಪ್ರತಿ ಕಾಸ್ಟ್ಯೂಮಿನ ಹೆಸರು ಆ ಅಕ್ಷರವೇ ಆಗಬೇಕು. ಅನಂತರ 'ಅಕ್ಷರ' ಎಂಬ ಲಿಸ್ಟ್ ಮಾಡಿ ಇಪ್ಪತ್ತು ಸಾಲು ತುಂಬಿ: 1ರಿಂದ 3 ಮೊದಲ ಒಗಟಿನ ಉತ್ತರ, 4 ಮತ್ತು 5 ಅದರ ಮೋಸದ ಅಕ್ಷರ, 6ರಿಂದ ಎರಡನೆಯ ಒಗಟು. 'ಒಗಟು' ಎಂಬ ಇನ್ನೊಂದು ಲಿಸ್ಟಿನಲ್ಲಿ ನಾಲ್ಕು ಒಗಟು.

ಹೆಸರು ಒಂದಿಷ್ಟು ಹೊಂದದಿದ್ದರೂ ಕಾಸ್ಟ್ಯೂಮ್ ಬದಲಾಗುವುದಿಲ್ಲ, ಸ್ಕ್ರ್ಯಾಚ್ ತಪ್ಪನ್ನೂ ತೋರಿಸುವುದಿಲ್ಲ, ಹಿಂದಿನ ಅಕ್ಷರವೇ ಮತ್ತೆ ಬಂದು ನಿಲ್ಲುತ್ತದೆ. ಕಾರಣ ಸಾಮಾನ್ಯವಾಗಿ ಇವುಗಳಲ್ಲೊಂದು: ಅನುಸ್ವಾರದ ಜಾಗದಲ್ಲಿ ಕನ್ನಡದ ಸೊನ್ನೆ ಅಂಕಿ ಟೈಪಾಗಿರುತ್ತದೆ, ಎರಡೂ ಕಣ್ಣಿಗೆ ಒಂದೇ. ಅಕ್ಷರದ ಹಿಂದೆ ಒಂದು ಸ್ಪೇಸ್ ಅಂಟಿರುತ್ತದೆ. ಅಥವಾ ಒಂದೇ ಅಕ್ಷರವನ್ನು ಎರಡು ಸಲ ಹಾಕಿದ್ದರಿಂದ ಸ್ಕ್ರ್ಯಾಚ್ ಎರಡನೆಯದರ ಹೆಸರಿಗೆ ತಾನೇ 2 ಸೇರಿಸಿರುತ್ತದೆ. ಹೀಗಾಗಿ ಎರಡು ಒಗಟಿಗೆ 'ಳಿ' ಬೇಕಾದರೂ ಕಾಸ್ಟ್ಯೂಮ್ ಒಂದೇ ಸಾಕು, ಲಿಸ್ಟಿನಲ್ಲಿ ಮಾತ್ರ ಎರಡು ಕಡೆ ಬರೆಯಿರಿ. ಹೊಂದದ ಹೆಸರನ್ನು ಕಣ್ಣಿನಿಂದ ಹುಡುಕುತ್ತ ಕೂರಬೇಡಿ, ಲಿಸ್ಟಿನಿಂದ ಕಾಪಿ ಮಾಡಿ ಕಾಸ್ಟ್ಯೂಮಿನ ಹೆಸರಿಗೆ ಪೇಸ್ಟ್ ಮಾಡಿ. ಟೈಪಿಂಗ್ ಯುನಿಕೋಡಿನಲ್ಲೇ ಇರಬೇಕು. ಹಳೆಯ ನುಡಿ, ಬರಹ ಫಾಂಟಿನಲ್ಲಿ ಟೈಪ್ ಮಾಡಿದ್ದು ಇಲ್ಲಿ ಅರ್ಥವಿಲ್ಲದ ಇಂಗ್ಲಿಷ್ ಅಕ್ಷರಗಳಾಗಿ ಕಾಣುತ್ತದೆ.

ಬಿಲ್ಲೆ ಹಂಚುವುದು

ಮೂರನೆಯ ದಿನದ ಕೆಲಸ ಇದೊಂದೇ. ಎಲ್ಲ ಸ್ಪ್ರೈಟಿಗೂ ಸೇರಿದ ವೇರಿಯಬಲ್‌ಗಳು: 'ಒಗಟಿನ ಸಂಖ್ಯೆ', 'ಸರಿ' (ಸರಿಯಾಗಿ ಕೂತ ಬಿಲ್ಲೆಗಳ ಎಣಿಕೆ), 'ಆಯ್ಕೆ'. ವೇರಿಯಬಲ್ ಎಂದರೆ ಬದಲಾಗುವ ಬೆಲೆಯೊಂದನ್ನು ಇಟ್ಟುಕೊಳ್ಳುವ ಡಬ್ಬಿ. ಬಿಲ್ಲೆಗೆ ಮಾತ್ರ ಸೇರಿದ, ಎಂದರೆ 'ಫಾರ್ ದಿಸ್ ಸ್ಪ್ರೈಟ್ ಓನ್ಲಿ' ಆರಿಸಿ ಮಾಡಿದ ವೇರಿಯಬಲ್‌ಗಳು: 'ನನ್ನ ಸಂಖ್ಯೆ', 'ಮನೆ' (ಬಿಲ್ಲೆ ಮೊದಲು ನಿಲ್ಲುವ ಜಾಗ), 'ಕೂತಿದೆ' (ಉತ್ತರದ ಚೌಕದಲ್ಲಿ ಕೂತಿದ್ದರೆ 1, ಇಲ್ಲವಾದರೆ 0). ಈ ಮೂರನ್ನು ಎಲ್ಲರಿಗೂ ಸೇರಿದ್ದಾಗಿ ಮಾಡಿದರೆ ಐದು ಕ್ಲೋನಿಗೂ (ಬಿಲ್ಲೆಯ ನಕಲಿಗೂ) ಕೊನೆಯ ಬೆಲೆಯೇ ಸಿಗುತ್ತದೆ, ಎಲ್ಲವೂ ತಾವು ಐದನೆಯ ಬಿಲ್ಲೆ ಎಂದುಕೊಳ್ಳುತ್ತವೆ.

ಆಟ ಶುರುಮಾಡುವ ಹಸಿರು ಬಾವುಟದ ಬ್ಲಾಕಿನ ಕೆಳಗೆ: ಬಿಲ್ಲೆ ಮರೆಮಾಡಿ, 'ಒಗಟಿನ ಸಂಖ್ಯೆ' 0 ಮಾಡಿ. ಮುಂದೆ 'ರಿಪೀಟ್ 4'. ಅದರೊಳಗೆ ಒಗಟಿನ ಸಂಖ್ಯೆ 1 ಹೆಚ್ಚಿಸಿ, 'ಸರಿ', 'ಕೂತಿದೆ', 'ನನ್ನ ಸಂಖ್ಯೆ' ಮೂರನ್ನೂ 0 ಮಾಡಿ, 'ಜಾಗ' ಎಂಬ ಲಿಸ್ಟನ್ನು ಬರಿದು ಮಾಡಿ 1ರಿಂದ 5 ತುಂಬಿ. ಆಮೇಲೆ 'ರಿಪೀಟ್ 5': ನನ್ನ ಸಂಖ್ಯೆ 1 ಹೆಚ್ಚಿಸಿ, 'ಆಯ್ಕೆ'ಗೆ 1ರಿಂದ ಜಾಗ ಲಿಸ್ಟಿನ ಉದ್ದದವರೆಗಿನ ಒಂದು ರ‍್ಯಾಂಡಮ್ ಸಂಖ್ಯೆ ಕೊಡಿ, 'ಮನೆ'ಗೆ (ಜಾಗದ ಆ ಸಾಲು − 3) × 85 ಕೊಡಿ, ಆ ಸಾಲನ್ನು ಅಳಿಸಿ, ಕ್ಲೋನ್ ಮಾಡಿ. ಒಳಗಿನ ರಿಪೀಟ್ ಮುಗಿದ ಮೇಲೆ 'ಸರಿ = 3' ಆಗುವವರೆಗೆ ಕಾಯಿರಿ, ಒಂದು ಸೆಕೆಂಡ್ ಬಿಟ್ಟು 'ಅಳಿಸು' ಎಂಬ ಸಂದೇಶವನ್ನು 'ಬ್ರಾಡ್‌ಕಾಸ್ಟ್ ಅಂಡ್ ವೇಟ್' ಬ್ಲಾಕಿನಿಂದ ಕಳಿಸಿ. ಅದು ಬಂದಾಗ ಪ್ರತಿ ಕ್ಲೋನ್ ತನ್ನನ್ನು ತಾನೇ ಅಳಿಸಿಕೊಳ್ಳಲಿ, ಮೂಲ ಬಿಲ್ಲೆಗೆ ಅದರಿಂದ ಏನೂ ಆಗದು.

ಬಳಸಿದ ಜಾಗವನ್ನು ಅಳಿಸುವ ಈ ಸುತ್ತು ಯಾಕೆ ಎಂದು ಮಕ್ಕಳು ಕೇಳಲೇಬೇಕು. ಪ್ರತಿ ಬಿಲ್ಲೆಯೂ ತನ್ನಿಷ್ಟಕ್ಕೆ 1ರಿಂದ 5ರೊಳಗೆ ಒಂದು ಜಾಗ ಆರಿಸಿದರೆ 3,125 ಬಗೆಯಲ್ಲಿ ಕೂರಬಹುದು. ಅವುಗಳಲ್ಲಿ ಒಂದರ ಮೇಲೊಂದು ಬೀಳದವು ಬರೀ 120. ನೂರು ಸಲ ಆಡಿದರೆ ತೊಂಬತ್ತಾರು ಸಲ ಯಾವುದೋ ಅಕ್ಷರ ಇನ್ನೊಂದರ ಕೆಳಗೆ ಅಡಗುತ್ತದೆ. ಮೊದಲು ಹಾಗೆಯೇ ಮಾಡಲು ಬಿಡಿ, ಬಿಲ್ಲೆ ಕಾಣೆಯಾದಾಗ ಲಿಸ್ಟಿನ ಉಪಾಯ ತೋರಿಸಿ.

ಕ್ಲೋನ್ ಶುರುವಾದಾಗ: x (ಅಡ್ಡ ಅಳತೆ) ಮನೆ, y (ಎತ್ತರ) −110 ಜಾಗಕ್ಕೆ ಹೋಗಿ, ಅಕ್ಷರ ಲಿಸ್ಟಿನ (ಒಗಟಿನ ಸಂಖ್ಯೆ − 1) × 5 + ನನ್ನ ಸಂಖ್ಯೆ ಎಂಬ ಸಾಲಿನ ಕಾಸ್ಟ್ಯೂಮ್ ತೊಟ್ಟು, ಕಾಣಿಸಿಕೊಳ್ಳಬೇಕು. ಸ್ಕ್ರ್ಯಾಚ್‌ನಲ್ಲಿ ಆವರಣ ಇಲ್ಲ, ಬ್ಲಾಕಿನೊಳಗೆ ಬ್ಲಾಕ್ ಇಡುವುದೇ ಆವರಣ. ಎಲ್ಲಕ್ಕಿಂತ ಹೊರಗೆ ಕೂಡುವ ಬ್ಲಾಕು, ಅದರ ಎಡ ಖಾನೆಯಲ್ಲಿ ಗುಣಿಸುವುದು, ಅದರ ಎಡ ಖಾನೆಯಲ್ಲಿ ಕಳೆಯುವುದು. ತಿರುಗಾಮುರುಗಾ ಆದರೆ ಸಾಲಿನ ಲೆಕ್ಕ ತಪ್ಪಿ ತಪ್ಪು ಅಕ್ಷರ ಕಾಣಿಸುತ್ತದೆ.

ಒಂದು ಎಚ್ಚರಿಕೆ: ಕ್ಲೋನ್ ಮಾಡುವ ಬ್ಲಾಕನ್ನು ಸಂದೇಶದ ಕೆಳಗೆ ಇಡಬೇಡಿ. ಸಂದೇಶ ಕ್ಲೋನುಗಳಿಗೂ ಕೇಳಿಸುತ್ತದೆ, ಪ್ರತಿಯೊಂದೂ ಮತ್ತೆ ಐದು ಹೆರುತ್ತದೆ, ಪ್ರತಿ ಸಂದೇಶಕ್ಕೂ ಹೀಗೆ ಹೆಚ್ಚುತ್ತ 300ರ ಮಿತಿಯವರೆಗೂ ಹೋಗಬಹುದು.

ಎಳೆದು ಕೂರಿಸುವುದು

ನಾಲ್ಕನೆಯ ದಿನ ಹಿನ್ನೆಲೆಯಲ್ಲಿ y 40ರ ಎತ್ತರದಲ್ಲಿ, x −85, 0, 85ರಲ್ಲಿ ಮೂರು ಖಾಲಿ ಚೌಕ ಬರೆಸಿ. ಬಿಲ್ಲೆಯಲ್ಲಿ 'ವೆನ್ ದಿಸ್ ಸ್ಪ್ರೈಟ್ ಕ್ಲಿಕ್ಡ್' ಕೆಳಗೆ: 'ಕೂತಿದೆ' 0 ಆಗಿದ್ದರೆ ಮಾತ್ರ ಮುಂದಿನದು. ಎಲ್ಲಕ್ಕಿಂತ ಮುಂದಿನ ಪದರಕ್ಕೆ ಬಂದು, ಮೌಸ್ ಗುಂಡಿ ಬಿಡುವವರೆಗೆ ಮೌಸಿನ ಹಿಂದೆ ಹೋಗುತ್ತಿರಬೇಕು. ಬಿಟ್ಟ ಮೇಲೆ 0.1 ಸೆಕೆಂಡ್ ಕಾದು ನೋಡಬೇಕು: ನನ್ನ ಸಂಖ್ಯೆ 4ಕ್ಕಿಂತ ಕಡಿಮೆಯೇ? ನನ್ನ x ಮತ್ತು (ನನ್ನ ಸಂಖ್ಯೆ − 2) × 85ರ ನಡುವಿನ ಅಂತರ 25ರೊಳಗಿದೆಯೇ? y ಮತ್ತು 40ರ ಅಂತರವೂ 25ರೊಳಗಿದೆಯೇ? ಮೂರೂ ಹೌದಾದರೆ ಸರಿಯಾಗಿ ಚೌಕದಲ್ಲಿ ಕೂತು, 'ಕೂತಿದೆ' 1 ಮಾಡಿ, 'ಸರಿ' 1 ಹೆಚ್ಚಿಸಬೇಕು. ಇಲ್ಲವಾದರೆ 0.3 ಸೆಕೆಂಡಿನಲ್ಲಿ ಜಾರಿ ಮನೆಗೆ ಮರಳಬೇಕು. ಅಂತರಕ್ಕೆ 'ಆ್ಯಬ್ಸ್' ಬ್ಲಾಕ್ ಬಳಸಿ, ಇಲ್ಲದಿದ್ದರೆ ಎಡಕ್ಕೆ ಎಷ್ಟು ದೂರ ಬಿಟ್ಟರೂ ಉತ್ತರ ಋಣಸಂಖ್ಯೆಯಾಗಿ 25ಕ್ಕಿಂತ ಕಡಿಮೆಯೇ ಬರುತ್ತದೆ.

25 ನಮ್ಮ ಮಟ್ಟಿಗೆ ಹದವಾದ ಅಳತೆ. 10 ಇಟ್ಟರೆ ಚಿಕ್ಕವರು ಸರಿ ಇಟ್ಟರೂ ವಾಪಸ್ ಬಂದು ಅಳು ಬರಿಸುತ್ತದೆ. 50 ಇಟ್ಟರೆ ಪಕ್ಕದ ಚೌಕದ ಅಂಚಿನಲ್ಲಿ ಬಿಟ್ಟ ಅಕ್ಷರವೂ ತನ್ನ ಚೌಕಕ್ಕೆ ಹಾರಿ ಉತ್ತರ ಬಿಟ್ಟುಕೊಡುತ್ತದೆ. 'ಕೂತಿದೆ' ಪರೀಕ್ಷೆ ಮರೆತವರ ಆಟದಲ್ಲಿ ಕೂತ ಬಿಲ್ಲೆಯನ್ನೇ ಮತ್ತೆರಡು ಸಲ ಒತ್ತಿದರೆ ಒಗಟು ಮುಗಿದುಹೋಗುತ್ತದೆ. ಮಕ್ಕಳು ಇದನ್ನು ಹತ್ತು ನಿಮಿಷದಲ್ಲಿ ಕಂಡುಹಿಡಿಯುತ್ತಾರೆ.

ಪರೀಕ್ಷೆ ಯಾವಾಗಲೂ ಪೂರ್ತಿ ಪರದೆಯಲ್ಲಿ. ಬ್ಲಾಕ್ ಜೋಡಿಸುವ ಪರದೆಯಲ್ಲಿ ಯಾವ ಸ್ಪ್ರೈಟನ್ನಾದರೂ ಎಳೆಯಬಹುದು, ಆದ್ದರಿಂದ ಎಳೆಯುವ ಬ್ಲಾಕು ಹಾಕದವರಿಗೂ ಆಟ ಸರಿ ಇದ್ದಂತೆ ಕಾಣುತ್ತದೆ. ಒಗಟು ಹೇಳಲು ಅಜ್ಜಿಯ ಚಿತ್ರ ಬರೆಸಿ, ಬರೀ 'ಸೇ' ಬ್ಲಾಕ್ ಹಾಕಿ. ಎರಡು ಸೆಕೆಂಡಿನದು ಓದುವಷ್ಟರಲ್ಲಿ ಮಾಯ.

ಬೇಗ ಮುಗಿಸಿದ ಜೋಡಿಗೆ ಲಾಲ್‌ಬಾಗ್ ಗಾಜಿನ ಮನೆಯ ಫೋಟೊವನ್ನು 3 × 3 ತುಂಡು ಮಾಡಿ, ಒಂದು ತುಂಡಿನ ಜಾಗ ಖಾಲಿ ಬಿಟ್ಟು ಜಾರಿಸುವ ಆಟ ಕೊಡಿ. ಅಲ್ಲಿ ಬಿಲ್ಲೆಗಳನ್ನು ರ‍್ಯಾಂಡಮ್ಮಾಗಿ ಹಂಚಬಾರದು. ಒಟ್ಟು 3,62,880 ಜೋಡಣೆಯಲ್ಲಿ ಅರ್ಧದಷ್ಟನ್ನು ಎಷ್ಟು ಜಾರಿಸಿದರೂ ಬಿಡಿಸಲಾಗದು. ಪೂರ್ಣ ಚಿತ್ರದಿಂದ ಶುರುಮಾಡಿ ಖಾಲಿ ಮನೆಯನ್ನು ನೂರು ಸಲ ಪಕ್ಕಕ್ಕೆ ಸರಿಸಿ ಕದಡಿದರೆ ಬಿಡಿಸಲಾಗದ್ದು ಬರುವುದೇ ಇಲ್ಲ.

ಐದನೆಯ ದಿನ ಜೋಡಿಗಳು ಜಾಗ ಬದಲಿಸಿ ಬೇರೆಯವರ ಆಟ ಆಡಲಿ. ಮಾಡಿದವರು ಹಿಂದೆ ನಿಂತು ನೋಡಬೇಕು, ಮಾತಾಡಬಾರದು, ಆಡುವವರು ತಡವರಿಸಿದ ಕಡೆ ಬರೆದುಕೊಳ್ಳಬೇಕು. ದಿನವೂ ಹೊರಡುವ ಮುಂಚೆ ಫೈಲನ್ನು ಜೋಡಿಯ ಹೆಸರು, ದಿನದ ಸಂಖ್ಯೆ ಹಾಕಿ ಪೆನ್‌ಡ್ರೈವಿಗೆ ಇಳಿಸಿ, ಹಳೆಯದರ ಮೇಲೆ ಬರೆಯಬೇಡಿ. ಮನೆಯಲ್ಲಿ ಕಂಪ್ಯೂಟರಿಲ್ಲದ ಮಕ್ಕಳೂ ಇರುತ್ತಾರೆ. ಅವರಿಗೆ ಇಪ್ಪತ್ತು ಕಾಗದದ ಬಿಲ್ಲೆಯನ್ನೂ ಒಗಟಿನ ಚೀಟಿಯನ್ನೂ ಒಂದು ಕವರಿಗೆ ಹಾಕಿ ಕೊಡಿ, ಜಗಲಿಯ ಮೇಲೆ ಹರಡಿದರೆ ಅದೇ ಆಟ.